ಬ್ಯಾಟರಿ ಉಳಿಸುವ ಸ್ಕ್ರೀನ್‌ಗಳು: ಪಾಲ್ಮಾ 2, ಎಲ್‌ಟಿಪಿಒ ಫೋನು, ಎಂಐಪಿ ವಾಚು – ಬೆಂಗಳೂರಿನ ಗಿರಾಕಿಗೆ ಯಾವುದು?

ಕಡಿಮೆ ಕರೆಂಟ್ ತಿನ್ನುವ ಸ್ಕ್ರೀನು ಎಂದು ಹೇಳಿ ಮಾರುವ ಸಾಮಾನು ಈಗ ಬೆಂಗಳೂರಿನಲ್ಲಿ ನಾಲ್ಕು ರೂಪದಲ್ಲಿ ಕೈಗೆ ಸಿಗುತ್ತದೆ. ಮೊದಲನೆಯದು ಜೇಬಿಗೆ ಹಿಡಿಸುವ ಇ-ಇಂಕ್ (ಕಾಗದದಂತೆ ಕಾಣುವ, ಬಿದ್ದ ಬೆಳಕಿನಲ್ಲೇ ಓದುವ ಸ್ಕ್ರೀನು) ಆಂಡ್ರಾಯ್ಡ್ ಸಾಧನ. ಬೂಕ್ಸ್ ಕಂಪನಿಯ ಪಾಲ್ಮಾ 2 ಇದರಲ್ಲಿ ಹೆಸರು ಮಾಡಿದ್ದು, ಹೊರದೇಶದಿಂದ ತರಿಸಿಕೊಳ್ಳಬೇಕು. ಎರಡನೆಯದು ಎಲ್‌ಟಿಪಿಒ ಓಎಲ್‌ಇಡಿ (ಚಿತ್ರ ಬದಲಾಗದಾಗ ಮತ್ತೆ ಬರೆಯುವುದನ್ನು ತಗ್ಗಿಸುವ ಸ್ಕ್ರೀನು) ಇರುವ ದುಬಾರಿ ಫೋನು, ಮೂರನೆಯದು ಎಂಐಪಿ (ಪಿಕ್ಸೆಲ್‌ನಲ್ಲೇ ಸ್ಮರಣೆ ಇರುವ ಎಲ್‌ಸಿಡಿ) ಸ್ಕ್ರೀನಿನ ವಾಚು, ನಾಲ್ಕನೆಯದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಸಿಗುವ, ಬೇರೆ ಬೋರ್ಡಿಗೆ ಜೋಡಿಸಿಕೊಳ್ಳುವ ಸಣ್ಣ ಇ-ಪೇಪರ್ (ಇ-ಇಂಕ್) ಮಾಡ್ಯೂಲು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದಿನಾ ಓದುವ ಅಭ್ಯಾಸ ಇರುವವರಿಗೆ ಪಾಲ್ಮಾ 2 ಒಳ್ಳೆಯ ಸಾಧನ, ಆದರೆ ಅದು ಫೋನಿನ ಜಾಗ ತುಂಬುವುದಿಲ್ಲ. ವಾಚಿಗೆ ಎಂಐಪಿ ಇವತ್ತಿಗೂ ಒಳ್ಳೆಯ ಆಯ್ಕೆ. ಅದು ಮಾರುಕಟ್ಟೆಯಲ್ಲಿ ಕಡಿಮೆಯಾಗುತ್ತಾ ಬಂದಿರುವುದು ಬೇಸರದ ಸಂಗತಿ. ಮಾಡ್ಯೂಲು ಕೊಂಡವರು ಲೆಕ್ಕ ಸರಿಯಾಗಿ ಹಾಕಿದರೆ ಒಂದು ವರ್ಷಕ್ಕೂ ಹೆಚ್ಚು ನಡೆಯುತ್ತದೆ, ಇಲ್ಲವಾದರೆ ಮೂರೇ ವಾರಕ್ಕೆ ಸೆಲ್ ಖಾಲಿ. ವ್ಯಾಪಾರದಲ್ಲಿ ಗೆದ್ದಿರುವುದು ಮಾತ್ರ ಎಲ್‌ಟಿಪಿಒ. ಈ ನಾಲ್ಕಕ್ಕೂ ಅನ್ವಯಿಸುವ ಪ್ರಶ್ನೆ ಒಂದೇ: ಸ್ಕ್ರೀನಿನ ಮೇಲಿರುವುದು ಬದಲಾಗದೆ ಎಷ್ಟು ಹೊತ್ತು ನಿಲ್ಲುತ್ತದೆ? ಹೆಚ್ಚು ಹೊತ್ತು ನಿಲ್ಲುವ ಕಡೆ ಇ-ಇಂಕ್‌ಗೆ ಸಾಟಿ ಇಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಕಡೆ ಅದರ ಉಳಿತಾಯವೆಲ್ಲ ಸೋರಿಹೋಗುತ್ತದೆ.

ಬಿಸಿಲಿನ ಲೆಕ್ಕ

ಇ-ಇಂಕ್ ಫಲಕದೊಳಗೆ ಕೂದಲೆಳೆಯ ದಪ್ಪದ ಲಕ್ಷಗಟ್ಟಲೆ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯೊಳಗೆ ಬಿಳಿ ಮತ್ತು ಕಪ್ಪು ಕಣಗಳು ಒಂದು ದ್ರವದಲ್ಲಿ ತೇಲುತ್ತವೆ. ಸುಮಾರು 15 ವೋಲ್ಟ್ ಒಂದು ದಿಕ್ಕಿಗೆ ಕೊಟ್ಟರೆ ಬಿಳಿ ಮೇಲೆ ಬರುತ್ತದೆ, ಇನ್ನೊಂದು ದಿಕ್ಕಿಗೆ ಕೊಟ್ಟರೆ ಕಪ್ಪು. ಕರೆಂಟ್ ತೆಗೆದ ಮೇಲೂ ಕಣಗಳು ಅಲ್ಲೇ ನಿಲ್ಲುತ್ತವೆ. ಹಾಗಾಗಿ ಪುಟ ತಿರುಗಿಸುವಾಗ ಮಾತ್ರ ಖರ್ಚು, ಓದುವಾಗ ಫಲಕದ ಖರ್ಚು ಸೊನ್ನೆ.

ಇದು ತನ್ನದೇ ಬೆಳಕು ಕೊಡುವುದಿಲ್ಲ, ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಕಬ್ಬನ್ ಪಾರ್ಕಿನ ಬಯಲಲ್ಲಿ ನೇರ ಬಿಸಿಲು ಸುಮಾರು 1,00,000 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ಫಲಕ ಅದರಲ್ಲಿ ಶೇ 40ರಷ್ಟನ್ನು ಹಿಂತಿರುಗಿಸಿದರೆ, 1,00,000 × 0.4 ÷ 3.14, ಅಂದರೆ 12,700 ನಿಟ್ಸ್‌ನಷ್ಟು (ನಿಟ್ಸ್ ಎಂದರೆ ಸ್ಕ್ರೀನಿನ ಹೊಳಪಿನ ಅಳತೆ) ಹೊಳಪು, ಒಂದು ಹನಿ ಬ್ಯಾಟರಿಯೂ ಖರ್ಚಾಗದೆ. ಒಳ್ಳೆಯ ಓಎಲ್‌ಇಡಿ ಫೋನು ಬಿಸಿಲಲ್ಲಿ ಒಂದೆರಡು ಸಾವಿರ ನಿಟ್ಸ್‌ವರೆಗೆ ಏರುತ್ತದೆ, ಅದೂ ಫೋನು ಬಿಸಿಯಾಗುವವರೆಗೆ ಮಾತ್ರ. ಬಿಸಿಯಾದ ಮೇಲೆ ತಾನಾಗಿಯೇ ಹೊಳಪು ತಗ್ಗಿಸಿಕೊಳ್ಳುತ್ತದೆ. ಸ್ಕೂಟರ್ ಹ್ಯಾಂಡಲಿಗೆ ಫೋನು ಸಿಕ್ಕಿಸಿಕೊಂಡು ಊಟ ತಲುಪಿಸುವ ಹುಡುಗರು ಮಧ್ಯಾಹ್ನ ಮ್ಯಾಪ್ ಕಾಣದೆ ಕೈ ಅಡ್ಡ ಹಿಡಿಯುವುದು ಇದೇ ಕಾರಣಕ್ಕೆ.

ಅದೇ ಸೂತ್ರ ಮನೆಯೊಳಗೆ ತಿರುಗುಮುರುಗಾಗುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ 300 ಲಕ್ಸ್ ಇದ್ದರೆ ಸಿಗುವುದು 38 ನಿಟ್ಸ್. ರಾತ್ರಿ ಬಿಎಂಟಿಸಿ ಬಸ್ಸಿನಲ್ಲಿ 50 ಲಕ್ಸ್ ಎಂದುಕೊಂಡರೆ ಬರೀ 6. ಅದಕ್ಕೇ ಓದುವ ಹೆಚ್ಚಿನ ಇ-ಇಂಕ್ ಸಾಧನಗಳಲ್ಲಿ ಫ್ರಂಟ್‌ಲೈಟ್, ಅಂದರೆ ಫಲಕದ ಮುಂಭಾಗಕ್ಕೆ ಬೆಳಕು ಚೆಲ್ಲುವ ದೀಪ, ಇರುತ್ತದೆ. ಈ ಲೈಟು ಹಚ್ಚಿದ ಕೂಡಲೇ ಬ್ಯಾಟರಿಯ ನಿಜವಾದ ಖರ್ಚು ಶುರು. ಡಬ್ಬಿಯ ಮೇಲಿನ ವಾರಗಟ್ಟಲೆ ಬ್ಯಾಟರಿಯ ಮಾತು ಕಡಿಮೆ ಲೈಟು, ವೈ-ಫೈ ಆಫ್, ದಿನಕ್ಕೆ ಅರ್ಧ–ಒಂದು ಗಂಟೆಯ ಓದು ಎಂಬ ಲೆಕ್ಕದ ಮೇಲೆ ನಿಂತಿರುತ್ತದೆ.

ಪಾಲ್ಮಾ 2

6.13 ಇಂಚಿನ ಕಾರ್ಟಾ 1200 ಎಂಬ ಇ-ಇಂಕ್ ಫಲಕ, 824 × 1648 ಪಿಕ್ಸೆಲ್, ಇಂಚಿಗೆ 300 ಪಿಕ್ಸೆಲ್ (ಪಿಪಿಐ). ಆಂಡ್ರಾಯ್ಡ್ 13, 6 ಜಿಬಿ ರ‍್ಯಾಮ್, 128 ಜಿಬಿ ಸಂಗ್ರಹ, ಮೈಕ್ರೊ ಎಸ್‌ಡಿ ಕಾರ್ಡಿಗೆ ಜಾಗ, 3,950 ಎಂಎಎಚ್ ಬ್ಯಾಟರಿ, ಸುಮಾರು 170 ಗ್ರಾಂ ತೂಕ. ಸಿಮ್ ಇಲ್ಲ. 2024ರಲ್ಲಿ ಬಂದಾಗ ಅಮೆರಿಕದಲ್ಲಿ ಬೆಲೆ 280 ಡಾಲರ್ ಇತ್ತು. ಸಾಗಣೆ, ಸುಂಕ, ಜಿಎಸ್‌ಟಿ ಸೇರಿಸಿದರೆ 2025ರಲ್ಲಿ 16,999 ರೂಪಾಯಿಗೆ ಭಾರತಕ್ಕೆ ಬಂದ ಕಿಂಡಲ್ ಪೇಪರ್‌ವೈಟ್‌ಗಿಂತ ಬಹಳ ಮೇಲೆ ಹೋಗುತ್ತದೆ. ಆ ಹೆಚ್ಚಿನ ದುಡ್ಡು ಆಂಡ್ರಾಯ್ಡ್‌ಗೆ ಮತ್ತು ಜೇಬಿನ ಅಳತೆಗೆ. ಇವೆರಡೂ ಬೇಡದವರು ಪೇಪರ್‌ವೈಟೇ ಕೊಳ್ಳಲಿ.

ತಂದ ಕೂಡಲೇ ಮಾಡಬೇಕಾದ ಕೆಲಸ ರಿಫ್ರೆಶ್ ಮೋಡ್, ಅಂದರೆ ಸ್ಕ್ರೀನು ಎಷ್ಟು ಬೇಗ ಹೊಸದಾಗಿ ಮೂಡಬೇಕು ಎಂಬುದನ್ನು, ಹೊಂದಿಸುವುದು. ಒಂದೊಂದು ಆ್ಯಪ್‌ಗೂ ಬೇರೆ ಮೋಡ್ ಇಡಬಹುದು, ಇಡಲೇಬೇಕು. ಪುಸ್ತಕದ ಆ್ಯಪ್‌ಗೆ ಎಚ್‌ಡಿ ಅಥವಾ ರೀಗಲ್. ಬ್ರೌಸರ್‌ಗೆ ಬ್ಯಾಲೆನ್ಸ್ಡ್. ಉದ್ದಕ್ಕೆ ಸರಿಸಿಕೊಂಡು ಹೋಗುವ ಆ್ಯಪ್‌ಗಳಿಗೆ ಫಾಸ್ಟ್. ಅಲ್ಟ್ರಾಫಾಸ್ಟ್‌ನಲ್ಲಿ ವಿಡಿಯೊ ಕೂಡ ಓಡುತ್ತದೆ, ನೋಡುವ ಹಾಗಿರುವುದಿಲ್ಲ. ಇದರ ಹಿಂದಿನ ಕಾರಣ ಸರಳ. ಹದಿನಾರು ಬೂದು ಛಾಯೆಗಳನ್ನೂ ಸರಿಯಾಗಿ ಕೂರಿಸಲು ಫಲಕಕ್ಕೆ ಅರ್ಧ ಸೆಕೆಂಡಿನಷ್ಟು ಬೇಕು. ಬರೀ ಕಪ್ಪು–ಬಿಳಿ ಸಾಕು ಎಂದರೆ ಅದರ ಕಾಲು ಭಾಗದಲ್ಲಿ ಮುಗಿಯುತ್ತದೆ, ಆದರೆ ಕಣಗಳು ಪೂರ್ತಿ ತಳ ಮುಟ್ಟದೆ ಅರ್ಧ ದಾರಿಯಲ್ಲಿ ನಿಲ್ಲುವುದರಿಂದ ಹಿಂದಿನ ಪುಟದ ನೆರಳು ಉಳಿಯುತ್ತದೆ. ಆಗಾಗ ಇಡೀ ಸ್ಕ್ರೀನು ಒಮ್ಮೆ ಕಪ್ಪಾಗಿ ಬೆಳ್ಳಗಾಗುವುದು ಈ ನೆರಳನ್ನು ಒರೆಸಲಿಕ್ಕೆ. ಅದನ್ನು ದೋಷ ಎಂದುಕೊಂಡು ಪೂರ್ತಿ ಆಫ್ ಮಾಡಬೇಡಿ; ಹತ್ತು ಪುಟಕ್ಕೊಮ್ಮೆ ಎಂದು ಇಟ್ಟರೆ ಹದವಾಗಿರುತ್ತದೆ.

ಬ್ಯಾಟರಿ ಉಳಿಸಲು ಬೂಕ್ಸ್ ಹಿನ್ನೆಲೆಯ ಆ್ಯಪ್‌ಗಳನ್ನು ಹೆಪ್ಪುಗಟ್ಟಿಸುತ್ತದೆ. ಮೆಸೇಜು ಬರುತ್ತಿಲ್ಲ, ಅಲಾರಾಂ ಹೊಡೆಯಲಿಲ್ಲ ಎಂಬ ದೂರುಗಳ ಮೂಲ ಸಾಮಾನ್ಯವಾಗಿ ಇದೇ. ಬೇಕಾದ ಆ್ಯಪ್‌ನ ಐಕಾನ್ ಒತ್ತಿ ಹಿಡಿದು ಫ್ರೀಜ್ ತೆಗೆಯಿರಿ. ತೆಗೆದಷ್ಟೂ ಬ್ಯಾಟರಿ ಇಳಿಯುತ್ತದೆ. ವೈ-ಫೈ ಹಾಕಿಕೊಂಡು ನಾಲ್ಕಾರು ಆ್ಯಪ್ ಓಡಿಸಿದರೆ ವಾರಗಳ ಮಾತು ದಿನಗಳಿಗೆ ಇಳಿಯುತ್ತದೆ, ಏಕೆಂದರೆ ಆಗ ತಿನ್ನುತ್ತಿರುವುದು ಪ್ರೊಸೆಸರ್ ಮತ್ತು ರೇಡಿಯೊ. ಫಲಕ ಎಷ್ಟೇ ಮಿತವ್ಯಯಿಯಾದರೂ ಅವೆರಡರ ಹಸಿವು ಕಮ್ಮಿಯಾಗುವುದಿಲ್ಲ.

ಬೆಂಗಳೂರಿನಲ್ಲಿ ಇದನ್ನೊಂದೇ ಹಿಡಿದು ಹೊರಗೆ ಹೋಗಲು ಆಗದಿರುವುದಕ್ಕೆ ದೊಡ್ಡ ಕಾರಣ ಯುಪಿಐ. ಯುಪಿಐ ಆ್ಯಪ್ ನೋಂದಣಿಯಾಗಬೇಕಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಸಾಧನದಲ್ಲಿದ್ದು, ಅಲ್ಲಿಂದಲೇ ಎಸ್‌ಎಂಎಸ್ ಹೋಗಬೇಕು. ಸಿಮ್ ಇಲ್ಲದ ಪಾಲ್ಮಾದಲ್ಲಿ ಅದು ಸಾಧ್ಯವಿಲ್ಲ. ದರ್ಶಿನಿಯಲ್ಲಿ ಕಾಫಿಗೂ, ತರಕಾರಿ ಗಾಡಿಗೂ ಫೋನು ಬೇಕೇ ಬೇಕು. ತೋರಿಸುವ ಕೆಲಸಕ್ಕೆ ಮಾತ್ರ ಇ-ಇಂಕ್ ಚೆನ್ನಾಗಿದೆ. ನಮ್ಮ ಮೆಟ್ರೊದ ಕ್ಯೂಆರ್ ಟಿಕೆಟನ್ನು ಇದರ ಮೇಲೆ ತೆರೆದಿಟ್ಟರೆ ಸ್ಕ್ರೀನು ಆರಿಹೋಗುವ ಭಯವಿಲ್ಲ, ಗಾಜಿನ ಪ್ರತಿಫಲನವೂ ಕಡಿಮೆ. ತೆರೆದ ಮೇಲೆ ಒಮ್ಮೆ ಪೂರ್ತಿ ರಿಫ್ರೆಶ್ ಮಾಡಿ, ಫ್ರಂಟ್‌ಲೈಟ್ ಹಚ್ಚಿಕೊಳ್ಳಿ. ಹಿಂದಿನ ಪುಟದ ನೆರಳು ಚೌಕಗಳ ಮೇಲೆ ಬಿದ್ದರೆ ಗೇಟು ಓದದೆ ಹೋಗಬಹುದು.

ಕನ್ನಡ ಓದುವವರು ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. 2016ರ ಕೊನೆಯಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಮೈಲ್ಯಾಂಗ್‌ನಂಥ ಆ್ಯಪ್‌ಗಳ ದಾರಿ ಹಿಡಿದವು. ಆ ಆ್ಯಪ್ ಹಾಕಿಕೊಳ್ಳಲು ಆಂಡ್ರಾಯ್ಡ್ ಇರುವ ಇ-ಇಂಕ್ ಬೇಕು. ಪಾಲ್ಮಾದ ಪರವಾಗಿ ಹೇಳಬಹುದಾದ ಬಲವಾದ ಮಾತು ಇದೇ.

ಅಕ್ಷರದ ಗುಣಮಟ್ಟ ಎಚ್‌ಡಿ ಮೋಡ್‌ನಲ್ಲಿ ನಿಜಕ್ಕೂ ಮುದ್ರಣದ ಹತ್ತಿರ ಬರುತ್ತದೆ. ಕನ್ನಡಕ್ಕೆ ಪರೀಕ್ಷೆ ಇರುವುದು ಮಹಾಪ್ರಾಣದ ಸೀಳಿನಲ್ಲಿ. ಬ–ಭ, ದ–ಧ, ಡ–ಢ, ಪ–ಫ ಇವುಗಳ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಗೀಟು ಮಾತ್ರ. 300 ಪಿಪಿಐನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 42 ಪಿಕ್ಸೆಲ್ ಎತ್ತರ ಸಿಗುತ್ತದೆ, ಆ ಗೀಟಿಗೆ ಎರಡು–ಮೂರು ಪಿಕ್ಸೆಲ್. ಬೂದು ಛಾಯೆಗಳ ನೆರವಿದ್ದರೆ ಇದು ಸ್ಪಷ್ಟ. ಅಲ್ಟ್ರಾಫಾಸ್ಟ್‌ನಲ್ಲಿ ಬೂದು ಹೋಗಿ ಕಪ್ಪು–ಬಿಳಿ ಚುಕ್ಕೆ ಮಾತ್ರ ಉಳಿಯುವುದರಿಂದ ಗೀಟು ಮುಚ್ಚಿಹೋಗುತ್ತದೆ, ‘ಭಾರ’ ‘ಬಾರ’ ಆಗುತ್ತದೆ. ‘ರಾಷ್ಟ್ರ’, ‘ಲಕ್ಷ್ಮಿ’ಯಂಥ ಎರಡು ಒತ್ತಿನ ಪದಗಳಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗದಿರಲು ಸಾಲಿನ ಅಂತರವನ್ನು 1.6ರಷ್ಟಕ್ಕೆ ಇಡಿ. ಅಕ್ಷರ ತೆಳು ಎನಿಸಿದರೆ ಬೋಲ್ಡ್ ಒಂದು ಮೆಟ್ಟಿಲು ಮಾತ್ರ ಏರಿಸಿ. ಇನ್ನೂ ಏರಿಸಿದರೆ ಮತ್ತೆ ಅದೇ ಸೀಳು ಮುಚ್ಚಿಕೊಳ್ಳುತ್ತದೆ.

ಪಿಡಿಎಫ್ ಓದಲೆಂದೇ ಕೊಳ್ಳುವವರು ಪಾಲ್ಮಾ ಬಿಟ್ಟುಬಿಡುವುದು ಒಳ್ಳೆಯದು. ಇದರ ಸ್ಕ್ರೀನಿನ ಅಗಲ 70 ಮಿ.ಮೀ., ಎ5 ಪುಟದ ಅಗಲ 148. ಇಡೀ ಪುಟ ಹಿಡಿಸಿದರೆ 12 ಪಾಯಿಂಟಿನ ಅಕ್ಷರ 6ಕ್ಕೂ ಕೆಳಗೆ ಇಳಿಯುತ್ತದೆ. ಎರಡೂ ಕಡೆ 20 ಮಿ.ಮೀ. ಅಂಚು ಕತ್ತರಿಸಿದರೆ 8ರ ಹತ್ತಿರ ಬರುತ್ತದೆ. ಹೀಗೆ ಅಂಚು ಕತ್ತರಿಸಿದ ಪುಟವನ್ನು ಅಡ್ಡ ಹಿಡಿದು ತುಂಡುತುಂಡಾಗಿ ಓದಿದರೆ ಮೂಲಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಹಳೆಯ ಸ್ಕ್ಯಾನ್ ಪುಸ್ತಕಗಳಿಗೆ ಇದೊಂದೇ ದಾರಿ. ರಿಫ್ಲೋ (ಸ್ಕ್ರೀನಿಗೆ ತಕ್ಕಂತೆ ಸಾಲುಗಳನ್ನು ಮತ್ತೆ ಜೋಡಿಸುವ ಆಯ್ಕೆ) ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ ಎಂಬುದು ಕನ್ನಡದ ಎಷ್ಟೋ ಪಿಡಿಎಫ್‌ಗಳಿಗೆ ಹೊಂದುವುದಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಪುಟ ಕಟ್ಟಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟುಕೊಂಡಿರುತ್ತವೆ. ರಿಫ್ಲೋ ಮಾಡಿದ ಕೂಡಲೇ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಎದುರಾಗುತ್ತದೆ. ಯೂನಿಕೋಡ್‌ನಲ್ಲಿ ಮಾಡಿದ ಇ-ಪಬ್ ಸಿಕ್ಕರೆ ಅದನ್ನೇ ಓದಿ.

ಕೆಡುವುದು ಹೇಗೆ? ಮುಖ್ಯವಾಗಿ ಒತ್ತಡದಿಂದ. ಫಲಕದ ಹಿಂಬದಿ ತೆಳು ಗಾಜು. ಪ್ಯಾಂಟಿನ ಹಿಂಜೇಬಿನಲ್ಲಿಟ್ಟು ಆಟೊದಲ್ಲಿ ಕೂತರೆ ಹೊರಗಾಜಿಗೆ ಏನೂ ಆಗದೆ ಒಳಗಾಜು ಬಿರಿಯಬಹುದು. ಬಿರಿದ ಜಾಗದಿಂದ ಕದಲದ ಗೆರೆಗಳು ನಿಲ್ಲುತ್ತವೆ. ಎಸ್.ಪಿ. ರೋಡಿನಲ್ಲಾಗಲಿ ನ್ಯಾಷನಲ್ ಮಾರ್ಕೆಟ್‌ನಲ್ಲಾಗಲಿ ಇದಕ್ಕೆ ಕಾಂಬೊ (ಗಾಜು ಸಮೇತ ಬದಲಿ ಸ್ಕ್ರೀನು) ಇಟ್ಟುಕೊಳ್ಳುವವರಿಲ್ಲ, ಓಡುವ ಮಾಲಲ್ಲ. ತರಿಸಿ ಹಾಕಿಸುವ ಖರ್ಚು ಹೊಸ ಸಾಧನದ ಹತ್ತಿರ ಹೋಗುತ್ತದೆ. ಗಟ್ಟಿ ಕವರು ಮೊದಲ ದಿನವೇ ಹಾಕಿ. ಬಿಸಿಲು ಓದುವುದಕ್ಕೆ ಒಳ್ಳೆಯದು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗುವುದಕ್ಕಲ್ಲ. ಈ ಫಲಕಗಳು 0ಯಿಂದ 50 ಡಿಗ್ರಿಯೊಳಗೆ ಕೆಲಸ ಮಾಡಲು ಮಾಡಿದವು. ಬೆಂಗಳೂರಿನ ಚಳಿ ಏನೂ ಮಾಡದು, ಮುಚ್ಚಿದ ಕಾರಿನ ಶಾಖ ಆ ಮಿತಿ ದಾಟಿಸುತ್ತದೆ.

ಬಣ್ಣದ ಇ-ಇಂಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲೈಡೊ 3 ಫಲಕದಲ್ಲಿ ಕಪ್ಪು–ಬಿಳಿಗೆ 300 ಪಿಪಿಐ, ಬಣ್ಣಕ್ಕೆ 150, ಒಟ್ಟು 4,096 ಬಣ್ಣ. ಬಣ್ಣದ ಶೋಧಕ ಬೆಳಕಿನ ದೊಡ್ಡ ಪಾಲನ್ನು ನುಂಗುವುದರಿಂದ ಹಿನ್ನೆಲೆ ಬೂದಾಗಿ ಕಾಣುತ್ತದೆ, ಫ್ರಂಟ್‌ಲೈಟ್ ಯಾವಾಗಲೂ ಹಚ್ಚಿರಬೇಕು. ಮಕ್ಕಳ ಪುಸ್ತಕ, ಪಠ್ಯದ ನಕಾಶೆ, ಟಿಪ್ಪಣಿಗೆ ಗೆರೆ ಎಳೆಯುವುದು ಇಷ್ಟಕ್ಕೆ ಸರಿ.

ಇ-ಇಂಕ್ ಫೋನು ಯಾಕೆ ನಿಲ್ಲಲಿಲ್ಲ

ಇದು ಹೊಸ ಆಸೆಯಲ್ಲ. 2006ರ ಕೊನೆಯಲ್ಲೇ ಮೊಟೊರೊಲಾ ತನ್ನ ಮೊಟೊಫೋನ್ ಎಫ್3ಯನ್ನು ಭಾರತದಲ್ಲಿ ಮಾರಿತು. ಇ-ಪೇಪರ್ ಸ್ಕ್ರೀನು, 9 ಮಿ.ಮೀ. ದಪ್ಪ, ಬಿಸಿಲಲ್ಲಿ ಅದ್ಭುತ. ಆದರೆ ಸ್ಕ್ರೀನು ಪಿಕ್ಸೆಲ್‌ಗಳದ್ದಲ್ಲ, ಕ್ಯಾಲ್ಕುಲೇಟರ್ ತರಹದ ಕಡ್ಡಿಗಳದ್ದು. ಆರಾರು ಅಕ್ಷರದ ಎರಡು ಸಾಲು, ಅದೂ ರೋಮನ್ ಲಿಪಿ. ಎಸ್‌ಎಂಎಸ್ ಓದುವುದೇ ಕಷ್ಟ, ಕನ್ನಡದ ಮಾತು ದೂರವೇ ಉಳಿಯಿತು.

ಬೆಂಗಳೂರಿನ ನೋಷನ್ ಇಂಕ್ 2011ರ ಆರಂಭದಲ್ಲಿ ಆ್ಯಡಮ್ ಟ್ಯಾಬ್ಲೆಟ್ ತಂದಾಗ ಅದರ ವಿಶೇಷ ಪಿಕ್ಸೆಲ್ ಚಿ ಸ್ಕ್ರೀನು: ಬ್ಯಾಕ್‌ಲೈಟ್ ಆರಿಸಿದರೆ ಬಿಸಿಲಿನ ಬೆಳಕಲ್ಲೇ ಓದಬಹುದಾದ 10.1 ಇಂಚಿನ ಎಲ್‌ಸಿಡಿ. ಯೋಚನೆ ಕಾಲಕ್ಕಿಂತ ಮುಂದಿತ್ತು. ಆದರೆ ಇಂಥ ಫಲಕ ಅಗ್ಗವಾಗಬೇಕಾದರೆ ಲಕ್ಷಗಟ್ಟಲೆ ಮಾರಾಟವಾಗಬೇಕು. ಒಂದು ಸಣ್ಣ ಕಂಪನಿಯ ಆರ್ಡರಿಗೆ ಬೆಲೆ ಇಳಿಯುವುದಿಲ್ಲ. ಕ್ವಾಲ್ಕಾಮ್‌ನಷ್ಟು ದೊಡ್ಡ ಕಂಪನಿಯೂ ಇದೇ ಗೋಡೆಗೆ ಡಿಕ್ಕಿ ಹೊಡೆಯಿತು. ಅದರ ಮಿರಾಸಾಲ್ ಫಲಕ ಬೆಳಕಿನ ಅಲೆಗಳನ್ನೇ ಒಂದರ ಮೇಲೊಂದು ಬೀಳಿಸಿ ಬಣ್ಣ ಹುಟ್ಟಿಸುವಂಥದ್ದು. 2011ರಲ್ಲಿ ಕೊರಿಯಾದಲ್ಲಿ ಓದುವ ಸಾಧನವಾಗಿ ಬಂತು, 2013ರಲ್ಲಿ ಟಾಕ್ ವಾಚಿನಲ್ಲಿ ಬಂತು, ಅಲ್ಲಿಗೆ ಮುಗಿಯಿತು. ಇಂಥದೇ ಫಲಕ ಮಾಡಲು ಫಿಲಿಪ್ಸ್‌ನಿಂದ ಬೇರೆಯಾದ ಲಿಕ್ವಾವಿಸ್ಟಾ ಕಂಪನಿಯನ್ನು ಸ್ಯಾಮ್‌ಸಂಗ್ ಕೊಂಡಿತು, ಅದರಿಂದ 2013ರಲ್ಲಿ ಅಮೆಜಾನ್ ಕೊಂಡಿತು, 2018ರಲ್ಲಿ ಮುಚ್ಚಿತು. ಬೆನ್ನಿಗೆ ಇ-ಇಂಕ್ ಅಂಟಿಸಿಕೊಂಡ ಯೋಟಾಫೋನ್ 2019ಕ್ಕೆ ದಿವಾಳಿ.

ಇವುಗಳಲ್ಲೆಲ್ಲ ನಮಗೆ ಮುಖ್ಯವಾಗಿ ಕಾಣುವುದು ಲೈಟ್ ಫೋನ್. ಕಡಿಮೆ ಬಳಸಿ ಎಂಬುದೇ ಆ ಫೋನಿನ ತತ್ವ. 2019ರ ಎರಡನೆಯ ಮಾದರಿಯಲ್ಲಿ ಇ-ಇಂಕ್ ಇತ್ತು. ಮೂರನೆಯದರಲ್ಲಿ ಅವರೇ ಅದನ್ನು ಬಿಟ್ಟು ಕಪ್ಪು–ಬಿಳಿ ತೋರಿಸುವ ಓಎಲ್‌ಇಡಿಗೆ ಹೋದರು. ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುವುದನ್ನು ಇ-ಇಂಕ್ ಇಷ್ಟಪಡುವ ಗಿರಾಕಿಯೂ ಬಹಳ ಕಾಲ ಸಹಿಸುವುದಿಲ್ಲ.

ಎಲ್‌ಟಿಪಿಒ ಗೆದ್ದ ಬಗೆ

ಸಾಮಾನ್ಯ ಓಎಲ್‌ಇಡಿ ಪಿಕ್ಸೆಲ್‌ನ ಹಿಂದಿರುವ ಎಲ್‌ಟಿಪಿಎಸ್ ಟ್ರಾನ್ಸಿಸ್ಟರ್ ವೇಗದ್ದು, ಆದರೆ ಸೋರುತ್ತದೆ. ಚಿತ್ರ ಬದಲಾಗದಿದ್ದರೂ ಸೆಕೆಂಡಿಗೆ ಹತ್ತಾರು ಸಲ ಅದೇ ಚಿತ್ರವನ್ನು ಮತ್ತೆ ಬರೆಯುತ್ತಲೇ ಇರಬೇಕು. ಎಲ್‌ಟಿಪಿಒದಲ್ಲಿ ಸೋರಬಾರದ ಜಾಗಕ್ಕೆ ಮಾತ್ರ ಆಕ್ಸೈಡ್ ಟ್ರಾನ್ಸಿಸ್ಟರ್ ಹಾಕುತ್ತಾರೆ. ಅದು ಚಾರ್ಜನ್ನು ಒಂದು ಸೆಕೆಂಡ್ ಹಿಡಿದಿಡುತ್ತದೆ, ಹಾಗಾಗಿ 120 ಹರ್ಟ್ಸ್‌ನಿಂದ (ಸೆಕೆಂಡಿಗೆ 120 ಸಲ ಬರೆಯುವುದು) 1 ಹರ್ಟ್ಸ್‌ಗೆ ಇಳಿಯಬಹುದು. 2018ರ ಆ್ಯಪಲ್ ವಾಚಿನಲ್ಲಿ ಶುರುವಾಗಿ, 2020ರಲ್ಲಿ ಗ್ಯಾಲಕ್ಸಿ ನೋಟ್ 20 ಅಲ್ಟ್ರಾಗೆ, ಮುಂದೆ ಐಫೋನ್ ಪ್ರೊಗಳಿಗೆ ಬಂತು. ಇ-ಇಂಕ್‌ನ ಗುಣದಲ್ಲಿ ಒಂದು ಪಾಲನ್ನು ಇದು ತಂದುಕೊಂಡಿತು, ವಿಡಿಯೊ ಬಿಟ್ಟುಕೊಡಲಿಲ್ಲ. ಗಿರಾಕಿ ತನ್ನ ಅಭ್ಯಾಸ ಏನನ್ನೂ ಬದಲಿಸಬೇಕಾಗಲಿಲ್ಲ. ಗೆಲುವಿಗೆ ಅಷ್ಟು ಸಾಕಾಯಿತು.

ಕೊಳ್ಳುವಾಗ ‘120 ಹರ್ಟ್ಸ್ ಅಡಾಪ್ಟಿವ್’ ಎಂಬ ಚೀಟಿ ನಂಬಬೇಡಿ. ಮಧ್ಯಮ ಬೆಲೆಯ ಬಹಳಷ್ಟು ಫೋನುಗಳು 60, 90, 120 ಎಂದು ಮೆಟ್ಟಿಲಿಳಿಯುತ್ತವೆ ಅಷ್ಟೇ. ವಿವರದಲ್ಲಿ ಎಲ್‌ಟಿಪಿಒ ಎಂದೇ ಬರೆದಿರಬೇಕು. ಆಂಡ್ರಾಯ್ಡ್ ಆದರೆ ಅಂಗಡಿಯಲ್ಲೇ ಬಿಲ್ಡ್ ನಂಬರನ್ನು ಏಳು ಸಲ ತಟ್ಟಿ, ಡೆವಲಪರ್ ಆಪ್ಷನ್ಸ್‌ನಲ್ಲಿ ರಿಫ್ರೆಶ್ ರೇಟ್ ತೋರಿಸುವ ಆಯ್ಕೆ ಹಾಕಿ, ಕೈ ತೆಗೆದ ಮೇಲೆ ಅಂಕಿ 60ಕ್ಕಿಂತ ಬಹಳ ಕೆಳಗೆ ಇಳಿಯುತ್ತದೆಯೇ ನೋಡಿ. ಡಾರ್ಕ್ ಮೋಡ್ ಬಗ್ಗೆಯೂ ಒಂದು ಮಾತು: ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದಾಗ, ಹೊಳಪು ಶೇ 30ರಿಂದ 50 ಇದ್ದಾಗ ಉಳಿತಾಯ ಶೇ 3ರಿಂದ 9 ಮಾತ್ರ, ಪೂರ್ತಿ ಹೊಳಪಿನಲ್ಲಿ ಶೇ 39ರಿಂದ 47. ಮನೆಯೊಳಗೆ ಲಾಭ ಅಲ್ಪ, ಬಿಸಿಲಲ್ಲಿ ದೊಡ್ಡದು.

ಸ್ಕ್ರೀನು ಒಡೆದಾಗ ಈ ಉಳಿತಾಯವೆಲ್ಲ ಒಂದೇ ಏಟಿಗೆ ಹೋಗುವ ಸಂಭವವಿದೆ. ರಿಪೇರಿ ಅಂಗಡಿಯಲ್ಲಿ ಐಫೋನ್ ಪ್ರೊ ಮಾದರಿಗೆ ಮೂರು ದರ ಹೇಳುತ್ತಾರೆ: ಇನ್‌ಸೆಲ್, ಹಾರ್ಡ್ ಓಎಲ್‌ಇಡಿ, ಸಾಫ್ಟ್ ಓಎಲ್‌ಇಡಿ. ಇನ್‌ಸೆಲ್ ಎಂದರೆ ಎಲ್‌ಸಿಡಿ. ಹಿಂದೆ ಬ್ಯಾಕ್‌ಲೈಟ್ ಸದಾ ಉರಿಯುವುದರಿಂದ ಕಪ್ಪು ತೋರಿಸಿದರೂ ಖರ್ಚು ಅಷ್ಟೇ, ಡಾರ್ಕ್ ಮೋಡ್ ದಂಡ. ಅಗ್ಗದ ಓಎಲ್‌ಇಡಿಗಳಲ್ಲಿ ಹೆಚ್ಚಿನವು 60 ಹರ್ಟ್ಸ್‌ಗೇ ನಿಲ್ಲುತ್ತವೆ, 1 ಹರ್ಟ್ಸ್‌ಗೆ ಇಳಿಯುವುದಿಲ್ಲ. ಸ್ಕ್ರೀನ್ ಹಾಕಿಸಿದ ಮೇಲೆ ಬ್ಯಾಟರಿ ಬೇಗ ಇಳಿಯುತ್ತಿದೆ ಎಂದು ಬ್ಯಾಟರಿಯನ್ನೂ ಬದಲಾಯಿಸುವವರಿದ್ದಾರೆ; ದೋಷ ಸ್ಕ್ರೀನಿನದ್ದು. ದುಡ್ಡು ಕೊಡುವ ಮೊದಲು ಆಲ್ವೇಸ್-ಆನ್ (ಲಾಕ್ ಮಾಡಿದಾಗಲೂ ಸ್ಕ್ರೀನು ಆರದ ಆಯ್ಕೆ) ಹಾಕಿಸಿ ನೋಡಿ, ಬಿಲ್ಲಿನಲ್ಲಿ ಪ್ಯಾನೆಲ್ ಯಾವುದೆಂದು ಬರೆಸಿಕೊಳ್ಳಿ.

ವಾಚು

ಎಂಐಪಿ ಎಂದರೆ ಪ್ರತಿ ಪಿಕ್ಸೆಲ್‌ನ ಕೆಳಗೇ ಒಂದು ಪುಟ್ಟ ಸ್ಮರಣೆ ಇರುವ ಎಲ್‌ಸಿಡಿ. ಬ್ಯಾಕ್‌ಲೈಟ್ ಇಲ್ಲದೆ ಹಗಲಲ್ಲಿ ಕಾಣುತ್ತದೆ. ಇದೇ ಕುಟುಂಬದ, ಬಿಸಿಲಲ್ಲಿ ಹೊಳೆಯುವ ಟ್ರಾನ್ಸ್‌ಫ್ಲೆಕ್ಟಿವ್ ಸ್ಕ್ರೀನಿನ ಹಳೆಯ ಅಮೇಜ್‌ಫಿಟ್ ಬಿಪ್ 190 ಎಂಎಎಚ್ ಬ್ಯಾಟರಿಗೆ 45 ದಿನ ಎನ್ನುತ್ತಿತ್ತು. ಭಾಗಿಸಿ ನೋಡಿದರೆ ಇಡೀ ವಾಚಿಗೆ ಸರಾಸರಿ 0.7 ಮಿಲಿವಾಟ್. ಹೀಗಿದ್ದೂ ಬಿಪ್ ಸರಣಿ 2020ರ ಬಿಪ್ ಯು ಮಾದರಿಯಲ್ಲಿ ಬ್ಯಾಕ್‌ಲೈಟ್ ಬೇಕಾದ ಸಾಧಾರಣ ಟಿಎಫ್‌ಟಿ ಎಲ್‌ಸಿಡಿಗೆ ಹೋಯಿತು. ಗಾರ್ಮಿನ್ ಕೂಡ ಒಂದೊಂದೇ ಸರಣಿಯನ್ನು ಅಮೊಲೆಡ್‌ಗೆ (ಓಎಲ್‌ಇಡಿಯ ಒಂದು ಬಗೆ) ಸಾಗಿಸುತ್ತಿದೆ. ಅಂಗಡಿಯ ದೀಪದ ಕೆಳಗೆ ಎರಡನ್ನೂ ಅಕ್ಕಪಕ್ಕ ಇಟ್ಟರೆ 64 ಬಣ್ಣದ ಎಂಐಪಿ ಮಂಕಾಗಿ ಕಾಣುತ್ತದೆ. ಗಿರಾಕಿ ನಿರ್ಧರಿಸುವುದು ಅಲ್ಲೇ. ಎಂಐಪಿ ವಾಚು ನೋಡಲು ಹೋದರೆ ಅಂಗಡಿಯ ಬಾಗಿಲಾಚೆ ತಂದು ಬಿಸಿಲಲ್ಲಿ ನೋಡಿ. ಬೆಳಗ್ಗೆ ಓಡುವವರು, ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರು ಇದನ್ನೇ ಕೊಳ್ಳಲಿ ಎಂಬುದು ನಮ್ಮ ಸಲಹೆ.

ಹೊಸ ತಂತ್ರ ಬಂದ ಮಾತ್ರಕ್ಕೆ ಖರ್ಚು ಇಳಿಯುವುದಿಲ್ಲ ಎಂಬುದಕ್ಕೆ ಗಾರ್ಮಿನ್‌ನ 2025ರ ಫೀನಿಕ್ಸ್ 8 ಪ್ರೊ ಒಳ್ಳೆಯ ಉದಾಹರಣೆ. ಪುಟ್ಟ ಎಲ್‌ಇಡಿ ದೀಪಗಳೇ ಪಿಕ್ಸೆಲ್ ಆಗಿರುವ ಮೈಕ್ರೊಎಲ್‌ಇಡಿ ಮಾದರಿಗೆ 4,500 ನಿಟ್ಸ್ ಹೊಳಪು, ಬ್ಯಾಟರಿ 10 ದಿನ. ಅದೇ 51 ಮಿ.ಮೀ. ಅಳತೆಯ ಅಮೊಲೆಡ್ ಮಾದರಿಗೆ 27 ದಿನ. ‘ಪೇಪರ್’ ಎಂಬ ಹೆಸರಿಗೂ ಮರುಳಾಗಬೇಡಿ. ಟಿಸಿಎಲ್‌ನ ನೆಕ್ಸ್ಟ್‌ಪೇಪರ್ ಕಣ್ಣಿಗೆ ಹಿತವಾದ ಮ್ಯಾಟ್ ಎಲ್‌ಸಿಡಿ, ಬ್ಯಾಕ್‌ಲೈಟಿನ ಖರ್ಚು ಇದ್ದೇ ಇರುತ್ತದೆ.

ಎಸ್.ಪಿ. ರೋಡಿನ ಮಾಡ್ಯೂಲು

ನಗರದ ಸಣ್ಣ ತಯಾರಕರಿಗೆ ನಿಜವಾದ ಅವಕಾಶ ಇರುವುದು ಇಲ್ಲಿ. ದ್ರವಸ್ಫಟಿಕದ ವಿಜ್ಞಾನಕ್ಕೆ ಬೆಂಗಳೂರು ಹೊಸದಲ್ಲ: ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು 1977ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಕಂಡುಹಿಡಿದದ್ದು ಇಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಫಲಕಗಳು ಮಾತ್ರ ಇವತ್ತಿಗೂ ಹೊರಗಿನಿಂದಲೇ ಬರುತ್ತವೆ. ಫಲಕ ತಂದು ಅದರ ಸುತ್ತ ಸಾಮಾನು ಕಟ್ಟುವುದು ನಮ್ಮ ಪಾಲಿನ ಕೆಲಸ: ಅಂಗಡಿಯ ದರಪಟ್ಟಿ, ಕಚೇರಿಯ ಕೊಠಡಿ ಫಲಕ, ಗೋದಾಮಿನ ಚೀಟಿ. ದಿನಕ್ಕೆ ಕೆಲವೇ ಸಲ ಬದಲಾಗುವ ಇಂಥ ಕಡೆಗಳಲ್ಲೇ ಇ-ಇಂಕ್‌ನ ವ್ಯಾಪಾರ ಬೆಳೆದಿದೆ. ವಾಲ್‌ಮಾರ್ಟ್ 2024ರಲ್ಲಿ 2,300 ಅಂಗಡಿಗಳ ಕಪಾಟಿಗೆ ಡಿಜಿಟಲ್ ಚೀಟಿ ಹಾಕುವುದಾಗಿ ಹೇಳಿದ್ದು ಇದೇ ದಿಕ್ಕಿನಲ್ಲಿ.

2.13 ಇಂಚಿನ, 250 × 122 ಪಿಕ್ಸೆಲ್‌ನ ವೇವ್‌ಶೇರ್ ಮಾಡ್ಯೂಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪೂರ್ತಿ ರಿಫ್ರೆಶ್‌ಗೆ 2 ಸೆಕೆಂಡ್, ಆಗ ಸುಮಾರು 26 ಮಿಲಿವಾಟ್. ಅಂದರೆ ಒಂದು ಸಲಕ್ಕೆ 0.05 ಜೌಲ್. ಅದಕ್ಕೆ ಜೋಡಿಸಿದ ಇಎಸ್‌ಪಿ32 (ವೈ-ಫೈ ಇರುವ ಪುಟ್ಟ ನಿಯಂತ್ರಕ ಚಿಪ್) ವೈ-ಫೈಗೆ ಸೇರಿ ಮಾಹಿತಿ ತರಲು 4 ಸೆಕೆಂಡ್ ತೆಗೆದುಕೊಂಡರೆ 1.6 ಜೌಲ್, ಫಲಕದ ಮೂವತ್ತು ಪಟ್ಟು. ಅದಕ್ಕಿಂತ ದೊಡ್ಡ ಕಳ್ಳ ಬೋರ್ಡಿನ ಮೇಲೇ ಇದ್ದಾನೆ. ಆ ಚಿಪ್ ಕೂರಿಸಿ ಮಾರುವ ಸಾಮಾನ್ಯ ಡೆವ್ ಬೋರ್ಡಿನ ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್, ರೆಗ್ಯುಲೇಟರ್ ಮೂರೂ ಸೇರಿ ನಿದ್ದೆಯಲ್ಲೂ 5 ಮಿಲಿಆ್ಯಂಪ್ ಎಳೆದರೆ 2,500 ಎಂಎಎಚ್‌ನ 18650 ಸೆಲ್ ಇಪ್ಪತ್ತೇ ದಿನಕ್ಕೆ ಖಾಲಿ. ಇವನ್ನು ತೆಗೆದು ಬರೀ ಮಾಡ್ಯೂಲಿಗೆ ಒಳ್ಳೆಯ ರೆಗ್ಯುಲೇಟರ್ ಹಾಕಿ ನಿದ್ದೆಯ ಖರ್ಚನ್ನು 50 ಮೈಕ್ರೊಆ್ಯಂಪ್‌ಗೆ ಇಳಿಸಿದರೆ, ಗಂಟೆಗೊಮ್ಮೆ ಬದಲಾಯಿಸುತ್ತಿದ್ದರೂ ಲೆಕ್ಕದ ಪ್ರಕಾರ ಒಂದೂವರೆ ವರ್ಷ ದಾಟುತ್ತದೆ.

ಫಲಕ ಸುಟ್ಟುಹೋಗುವುದಕ್ಕೆ ಸಾಮಾನ್ಯ ಕಾರಣ, ಬರೆದಾದ ಮೇಲೆ ಸ್ಲೀಪ್ ಆಜ್ಞೆ ಕೊಡದೆ ಬಿಡುವುದು. ಒಳಗಿನ ಹೆಚ್ಚು ವೋಲ್ಟೇಜು ಹಾಗೇ ನಿಂತು ಕಣಗಳನ್ನು ಕೆಡಿಸುತ್ತದೆ. ಎರಡು ಪೂರ್ತಿ ರಿಫ್ರೆಶ್‌ಗಳ ನಡುವೆ 180 ಸೆಕೆಂಡ್ ಬಿಡಿ, ದಿನಕ್ಕೆ ಒಮ್ಮೆಯಾದರೂ ಪೂರ್ತಿ ರಿಫ್ರೆಶ್ ಮಾಡಿ, ಕಪಾಟಿನಲ್ಲಿ ಎತ್ತಿಡುವ ಮುನ್ನ ಬೆಳ್ಳಗೆ ಮಾಡಿ ಇಡಿ. ರಿಬ್ಬನ್ ಕೇಬಲನ್ನು ಫಲಕದ ಅಂಚಿನ ಕಡೆ ಮಡಿಸಬೇಡಿ, ಬಿರುಕು ಬೀಳುವುದು ಅಲ್ಲೇ. ಕೆಂಪು ಸೇರಿದ ಮೂರು ಬಣ್ಣದ ಮಾದರಿ ನೋಡಲು ಚಂದ, ಒಂದು ರಿಫ್ರೆಶ್‌ಗೆ 15 ಸೆಕೆಂಡಿಗೂ ಹೆಚ್ಚು. ಶಾರ್ಪ್‌ನ ಮೆಮೊರಿ ಎಲ್‌ಸಿಡಿ ಬಳಸುವವರಿಗೆ ಬೇರೆ ಎಚ್ಚರಿಕೆ: ಅದರ ಎಕ್ಸ್‌ಟ್‌ಕಾಮಿನ್ (EXTCOMIN) ಎಂಬ ಪಿನ್ನನ್ನು ಸೆಕೆಂಡಿಗೆ ಒಮ್ಮೆಯಾದರೂ ಏರಿಳಿಸುತ್ತಿರಬೇಕು, ಇಲ್ಲವಾದರೆ ದ್ರವಸ್ಫಟಿಕಕ್ಕೆ ಒಂದೇ ದಿಕ್ಕಿನ ವೋಲ್ಟೇಜು ಬಿದ್ದು ಚಿತ್ರ ಅಲ್ಲೇ ಅಂಟಿಕೊಳ್ಳುತ್ತದೆ.

ಕನ್ನಡ ಬರೆಸುವಾಗ ಬರುವ ತೊಂದರೆ ಫಲಕದ್ದಲ್ಲ, ಲೈಬ್ರರಿಯದ್ದು. ಮೈಕ್ರೊಕಂಟ್ರೋಲರ್‌ಗಳ ಸಾಮಾನ್ಯ ಗ್ರಾಫಿಕ್ಸ್ ಲೈಬ್ರರಿಗಳು ಒಂದು ಸಂಕೇತದ ಪಕ್ಕ ಇನ್ನೊಂದನ್ನು ಇಡುತ್ತಾ ಹೋಗುತ್ತವೆ, ಒತ್ತಕ್ಷರ ಕಟ್ಟುವುದು ಅವಕ್ಕೆ ಗೊತ್ತಿಲ್ಲ. ‘ಅಕ್ಕಿ’ ಎಂದು ಕೊಟ್ಟರೆ ಕ, ಹಲಂತ, ಕ, ಗುಡಿಸು ಬಿಡಿಬಿಡಿಯಾಗಿ ಬೀಳುತ್ತವೆ. ಒತ್ತಕ್ಷರ ಜೋಡಿಸಿಕೊಡುವ ಹಾರ್ಫ್‌ಬಜ್ ತರಹದ ಶೇಪಿಂಗ್ ಎಂಜಿನನ್ನು ಆ ಚಿಪ್ಪಿನೊಳಗೆ ತುರುಕುವ ಗೋಜಿಗೆ ಹೋಗಬೇಡಿ. ಕಂಪ್ಯೂಟರಿನಲ್ಲೋ ಸರ್ವರಿನಲ್ಲೋ ಪೂರ್ತಿ ಪುಟವನ್ನು ಯೂನಿಕೋಡ್ ಫಾಂಟಿನಲ್ಲಿ ಬರೆಸಿ, ಕಪ್ಪು–ಬಿಳಿ ಚಿತ್ರವಾಗಿ ಕಳಿಸಿ. 122 ಸಾಲನ್ನು 128 ಎಂದು ಹಿಡಿದರೂ ಒಂದು ಪುಟಕ್ಕೆ 4,000 ಬೈಟ್ ಮಾತ್ರ, ವೈ-ಫೈ ಎದ್ದಿರುವ ಹೊತ್ತು ಒಂಚೂರೂ ಹೆಚ್ಚುವುದಿಲ್ಲ. ಅಕ್ಷರದ ಎತ್ತರ 20 ಪಿಕ್ಸೆಲ್‌ಗಿಂತ ಕಮ್ಮಿ ಬೇಡ, ಸಾಲಿಗೆ 30ರಿಂದ 32 ಪಿಕ್ಸೆಲ್ ಬಿಡಿ. ಮೂರು ಸಾಲು ನಿರಾಳವಾಗಿ ಕೂರುತ್ತದೆ, ಒತ್ತು ಕಡಿಮೆ ಇರುವ ಪದಗಳಾದರೆ ನಾಲ್ಕು. ಚಿತ್ರ ಮಾಡುವಾಗ ಬೂದು ಅಂಚು ಬಿಡಿಸುವ ಆ್ಯಂಟಿ-ಅಲಿಯಾಸಿಂಗ್ ಆಫ್ ಮಾಡಿರಿ, ಇಲ್ಲದಿದ್ದರೆ ಕಪ್ಪು–ಬಿಳಿಗೆ ಇಳಿಸುವಾಗ ಭ, ಧ, ಢಗಳ ಸೀಳು ಮತ್ತೆ ಮಾಯವಾಗುತ್ತದೆ.